ಸವೆದ ಕೀಲು ಮತ್ತು ಶಸ್ತ್ರವೈದ್ಯನ ವಿವೇಕ

ಕೀಲುಗಳ ಸವೆತ ಪ್ರಾಣಕ್ಕೆ ಎರವಾಗುವ ಕಾಯಿಲೆಯಲ್ಲ. ಆದರೆ ಅದು ಮನುಷ್ಯನ ಬದುಕಿನ ಎಲ್ಲೆಯನ್ನು ಮೊದಲು ಊರಿನಿಂದ ಬೀದಿಗೆ, ಆಮೇಲೆ ಬೀದಿಯಿಂದ ಮನೆಯಂಗಳಕ್ಕೆ, ಕೊನೆಗೆ ಹಾಸಿಗೆಗೂ ಬಚ್ಚಲಿಗೂ ನಡುವಿನ ನಾಲ್ಕು ಹೆಜ್ಜೆಗಳಿಗೆ ಇಳಿಸಿಬಿಡುತ್ತದೆ. ನಡಿಗೆ ಕಡಿಮೆಯಾದಂತೆ ತೊಡೆಯ ಸ್ನಾಯುಗಳು ಬಡವಾಗುತ್ತವೆ, ಮೈತೂಕ ಏರುತ್ತದೆ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಹತೋಟಿ ತಪ್ಪುತ್ತವೆ, ಸಂತೆ, ಜಾತ್ರೆ, ಮದುವೆ ಮನೆಗಳ ಒಡನಾಟ ಕಡಿದುಹೋಗಿ ಮನಸ್ಸೂ ಕುಗ್ಗುತ್ತದೆ. ಮಂಡಿನೋವನ್ನು ವಯಸ್ಸಿನೊಂದಿಗೆ ಬರುವ ಸಹಜ ಕಷ್ಟವೆಂದು ಒಪ್ಪಿಕೊಂಡು, ಎಣ್ಣೆ ತಿಕ್ಕಿ, ಮಾತ್ರೆ ನುಂಗಿ, ಗೋಡೆ ಹಿಡಿದು ಓಡಾಡುತ್ತ ಉಳಿದ ವರ್ಷಗಳನ್ನು ಕಳೆಯುವವರು, ಅದರಲ್ಲೂ ಹೆಂಗಸರು, ಇಂದಿಗೂ ಪ್ರತಿ ಊರಿನಲ್ಲಿಯೂ ಇದ್ದಾರೆ. ಕೀಲು ಬದಲಾವಣೆಯ ಶಸ್ತ್ರವೈದ್ಯರ ಕೆಲಸದ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿಯೇ: ಅವರು ಜೋಡಿಸುವುದು ಲೋಹದ ಬಿಡಿಭಾಗವನ್ನಾದರೂ ಮರಳಿ ಕೊಡಬೇಕಾದದ್ದು ನಡಿಗೆಯನ್ನು, ಮತ್ತು ಇವೆರಡರ ನಡುವಿನ ಅಂತರವನ್ನು ತುಂಬುವುದು ಕೈಚಳಕಕ್ಕಿಂತ ಹೆಚ್ಚಾಗಿ ವಿವೇಕ.

ಎರಡು ಮೂಳೆಗಳು ಸಂಧಿಸುವ ತುದಿಗಳನ್ನು ಮೃದ್ವಸ್ಥಿ ಎಂಬ ನುಣುಪಾದ, ಬೆಳ್ಳಗಿನ, ಕೆಲವೇ ಮಿಲಿಮೀಟರು ದಪ್ಪದ ಹೊದಿಕೆ ಮುಚ್ಚಿರುತ್ತದೆ. ಕೀಲಿನ ಒಳಪೊರೆ ಸ್ರವಿಸುವ ಲೋಳೆಯಂಥ ದ್ರವ ಈ ಹೊದಿಕೆಯನ್ನು ಸದಾ ತೇವವಾಗಿಟ್ಟು, ಮೂಳೆಯ ಮೇಲೆ ಮೂಳೆ ಉಜ್ಜದಂತೆ ಕಾಯುತ್ತದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡನೆಯ ತಲೆಯು ಕಿಬ್ಬೊಟ್ಟೆಯ ಎಲುಬಿನ ಕುಳಿಯೊಳಗೆ, ಒರಳಿನಲ್ಲಿ ಗುಂಡುಕಲ್ಲು ತಿರುಗುವಂತೆ, ಎಲ್ಲ ದಿಕ್ಕುಗಳಿಗೂ ತಿರುಗುತ್ತದೆ. ಮೊಣಕಾಲಿನ ಕೀಲಾದರೋ ಬರಿಯ ಬಾಗಿಲ ಕೀಲಲ್ಲ, ಅದು ಮಡಚುತ್ತಲೇ ಜಾರುತ್ತದೆ, ಜಾರುತ್ತಲೇ ಸ್ವಲ್ಪ ಹೊರಳುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗಲೇ ಈ ಕೀಲುಗಳ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಬರ್ಲಿನ್ನಿನ ಸಂಶೋಧಕರು ಕೃತಕ ಸೊಂಟದ ಕೀಲಿನೊಳಗೇ ಅಳತೆಯ ಉಪಕರಣ ಅಡಗಿಸಿ ನಡೆಸಿದ ಪರೀಕ್ಷೆಗಳಲ್ಲಿ, ಎಡವಿ ತತ್ತರಿಸಿದ ಕ್ಷಣದಲ್ಲಿ ಅದು ಎಂಟು ಪಟ್ಟಿನ ಸಮೀಪಕ್ಕೂ ಏರುವುದು ಕಂಡುಬಂದಿದೆ. ಇಷ್ಟು ಹೊರೆ ಹೊರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲವಾದ್ದರಿಂದ, ಚರ್ಮದ ಗಾಯ ಮಾಯುವಂತೆ, ಮುರಿದ ಮೂಳೆ ಕೂಡುವಂತೆ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಒಮ್ಮೆ ಸವೆಯತೊಡಗಿದರೆ ಸವೆತ ಮುಂದುವರಿದು, ಕೊನೆಗೆ ಮೂಳೆಗೆ ಮೂಳೆ ತಾಗುತ್ತದೆ.

ಕೀಲು ಹಾಳಾಗುವ ದಾರಿಗಳು ಒಂದೇ ಬಗೆಯವಲ್ಲ. ವಯಸ್ಸು, ಮೈತೂಕ, ಹಳೆಯ ಪೆಟ್ಟು, ವಂಶವಾಹಿ ಇವೆಲ್ಲ ಸೇರಿ ಬರುವ ಸವೆತದ ಸಂಧಿವಾತ ಭಾರತದಲ್ಲಿ ಹೆಚ್ಚಾಗಿ ಮೊಣಕಾಲನ್ನು ಹಿಡಿಯುತ್ತದೆ. ಕೀಲಿನ ಒಳಬದಿ ಮೊದಲು ಸವೆಯುವುದರಿಂದ ಕಾಲುಗಳು ಕ್ರಮೇಣ ಬಿಲ್ಲಿನಾಕಾರಕ್ಕೆ ಬಾಗುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಸೊಂಟದ ಕೀಲಿನ ಕತೆ ಬೇರೆ. ಸ್ಟಿರಾಯ್ಡ್ ಔಷಧಗಳ ದೀರ್ಘ ಬಳಕೆ, ಅತಿಯಾದ ಮದ್ಯಪಾನ, ಪೆಟ್ಟು, ಕೆಲವೊಮ್ಮೆ ಕಾರಣವೇ ತಿಳಿಯದ ಸ್ಥಿತಿಗಳಲ್ಲಿ ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ನಿಂತು, ಆ ಭಾಗದ ಮೂಳೆ ಸತ್ತು ಕುಸಿಯುತ್ತದೆ. ಮೂವತ್ತು ನಲವತ್ತರ ಪ್ರಾಯದವರು ಸೊಂಟದ ಕೀಲು ಬದಲಾವಣೆಗೆ ಬರುವುದಕ್ಕೆ ಭಾರತದಲ್ಲಿ ಇದು ದೊಡ್ಡ ಕಾರಣ.

ಕರ್ನಾಟಕಕ್ಕೆ ತನ್ನದೇ ಆದ ಒಂದು ನೋವಿನ ಉದಾಹರಣೆಯೂ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂದು, ಆ ಊರಿನ ಹೆಸರಿನಿಂದಲೇ ವೈದ್ಯ ಜಗತ್ತಿನಲ್ಲಿ ಗುರುತಿಸಿಕೊಂಡಿರುವ ಹಂದಿಗೋಡು ಕಾಯಿಲೆ, ಮೂಳೆಗಳ ಬೆಳವಣಿಗೆಯ ದೋಷದಿಂದ ಉಂಟಾಗುವ, ವಂಶಪಾರಂಪರ್ಯವಾಗಿ ಹರಿದುಬರುವ ಕೀಲುರೋಗ. ಸೊಂಟದ ಕೀಲು ಮತ್ತು ಬೆನ್ನುಮೂಳೆಗಳಿಗೆ ತಗಲುವ ಈ ರೋಗ, ಕೂಲಿಯ ದುಡಿಮೆಯನ್ನೇ ನಂಬಿದ ಬಡ ಕುಟುಂಬಗಳಲ್ಲಿ ದುಡಿಯುವ ಪ್ರಾಯದವರನ್ನೇ ಬಗ್ಗಿಸಿ ಕೂರಿಸಿತು. ಇಂಥ ಕೀಲನ್ನು ಬದಲಿಸುವುದು ಮುದಿವಯಸ್ಸಿನ ಸವೆತವನ್ನು ಸರಿಪಡಿಸಿದಷ್ಟು ಸುಲಭವಲ್ಲ. ಕುಳಿ ಆಳವಿಲ್ಲದೆ ಚಪ್ಪಟೆಯಾಗಿರುತ್ತದೆ, ಮೂಳೆಯ ಗಾತ್ರ ಸಣ್ಣದಿರುತ್ತದೆ, ರೋಗಿಯ ಮುಂದೆ ಇನ್ನೂ ಹಲವು ದಶಕಗಳ ಬದುಕು ಇರುತ್ತದೆ. ಸಿದ್ಧ ಅಳತೆಯ ಬಿಡಿಭಾಗವೂ ಸಿದ್ಧ ಅಳತೆಯ ತೀರ್ಮಾನವೂ ಎಲ್ಲರಿಗೂ ಹೊಂದಲಾರವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಳಾದ ಕೀಲನ್ನು ತೆಗೆದು ಬೇರೊಂದನ್ನು ಕೂರಿಸುವ ಆಲೋಚನೆಗೆ ನೂರಮೂವತ್ತು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. 1890ರ ಸುಮಾರಿಗೆ ಬರ್ಲಿನ್ನಿನಲ್ಲಿ ಥೆಮಿಸ್ಟೊಕ್ಲೆಸ್ ಗ್ಲುಕ್ ಎಂಬ ಶಸ್ತ್ರವೈದ್ಯರು ದಂತದಿಂದ ಕೆತ್ತಿದ ಕೀಲುಗಳನ್ನು, ಕ್ಷಯರೋಗದಿಂದ ಕೀಲು ಕಳೆದುಕೊಂಡವರಿಗೆ ಅಳವಡಿಸಿ ನೋಡಿದರು; ಸೋಂಕು ಅವರ ಪ್ರಯತ್ನವನ್ನು ಕೆಡಿಸಿತು. ಮುಂದೆ ಗಾಜು, ಉಕ್ಕು, ಮಿಶ್ರಲೋಹ, ಅಕ್ರಿಲಿಕ್ ಎಲ್ಲವೂ ಪರೀಕ್ಷೆಗೆ ಒಳಗಾದವು, ಆದರೆ ಯಾವುದೂ ಬಹುಕಾಲ ನಿಲ್ಲಲಿಲ್ಲ. ಈ ವಿಫಲತೆಗಳ ಸಾಲಿಗೆ ಕೊನೆ ಹಾಡಿದವರು ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಅಕ್ರಿಲಿಕ್ ಕೀಲು ಹಾಕಿಸಿಕೊಂಡಿದ್ದ ರೋಗಿಯೊಬ್ಬರು ಬಾಗಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿದ್ದುದನ್ನು ಕೇಳಿದ ಅವರು, ಕೃತಕ ಕೀಲು ಸಡಿಲಗೊಳ್ಳುವುದಕ್ಕೆ ಘರ್ಷಣೆಯೇ ಮೂಲವೆಂದು ತರ್ಕಿಸಿ, ಘರ್ಷಣೆ ಕಡಿಮೆ ಇರುವ ಕೀಲಿನ ಹುಡುಕಾಟಕ್ಕೆ ತೊಡಗಿದರು. ಮೊದಲು ಆರಿಸಿದ್ದು ಟೆಫ್ಲಾನ್. ಆರಂಭದಲ್ಲಿ ಫಲಿತಾಂಶ ಬೆರಗುಗೊಳಿಸುವಂತಿತ್ತು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿ, ಸುಮಾರು ಮುನ್ನೂರು ಕೀಲುಗಳು ಕೆಟ್ಟುಹೋದವು. ಚಾರ್ನ್ಲಿ ಆ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ದೇಹ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆಂದು ಪರೀಕ್ಷಿಸಿದರು, ಮತ್ತು ಕೆಟ್ಟ ಕೀಲುಗಳನ್ನು ಒಂದೊಂದಾಗಿ ತಾವೇ ಮತ್ತೆ ತೆರೆದು ಸರಿಪಡಿಸುವ ಹೊಣೆ ಹೊತ್ತರು.

ಉತ್ತರ ಬಂದದ್ದು ನೇಯ್ಗೆಯ ಗಿರಣಿಗಳ ಕಡೆಯಿಂದ. ಮಗ್ಗಗಳ ಹಲ್ಲುಚಕ್ರಗಳಿಗೆ ಬಳಕೆಯಾಗುತ್ತಿದ್ದ ಗಟ್ಟಿ ಪಾಲಿಎಥಿಲೀನ್ ತುಂಡೊಂದು ಚಾರ್ನ್ಲಿಯವರ ಪ್ರಯೋಗಶಾಲೆಯ ಕುಶಲಕರ್ಮಿ ಹ್ಯಾರಿ ಕ್ರೇವನ್ ಅವರ ಕೈಸೇರಿತು. ಚಾರ್ನ್ಲಿಯವರಿಗೆ ಮೊದಲು ಅದರಲ್ಲಿ ನಂಬಿಕೆ ಹುಟ್ಟಲಿಲ್ಲವಾದರೂ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿ ಓಡಿಸುತ್ತಲೇ ಇದ್ದರು. ವಾರಗಟ್ಟಲೆ ಓಡಿದರೂ ಅದು ಸವೆದದ್ದು ಅತ್ಯಲ್ಪ. 1962ರ ನವೆಂಬರ್ ತಿಂಗಳಲ್ಲಿ ಅದೇ ವಸ್ತುವಿನ ಬಟ್ಟಲು, ಅದರೊಳಗೆ ತಿರುಗುವ 22 ಮಿಲಿಮೀಟರು ವ್ಯಾಸದ ಪುಟ್ಟ ಲೋಹದ ಗುಂಡು, ಎರಡನ್ನೂ ಮೂಳೆಗೆ ಬಿಗಿಯುವ ಅಕ್ರಿಲಿಕ್ ಸಿಮೆಂಟು ಸೇರಿದ ಸೊಂಟದ ಕೀಲು ರೋಗಿಯ ದೇಹವನ್ನು ಹೊಕ್ಕಿತು. ಇಂದು ಜಗತ್ತಿನಾದ್ಯಂತ ನಡೆಯುವ ಸೊಂಟದ ಕೀಲು ಬದಲಾವಣೆಯ ಮೂಲ ಅದೇ. ಚಾರ್ನ್ಲಿಯವರ ಇನ್ನೊಂದು ನಡೆ ಇಂದಿನ ದಿನಗಳಲ್ಲಿ ಹೆಚ್ಚು ನೆನೆಯಬೇಕಾದದ್ದು: ರೈಟಿಂಗ್ಟನ್ನಿಗೆ ಬಂದು ವಿಧಾನವನ್ನು ಕಲಿಯದ ಶಸ್ತ್ರವೈದ್ಯರಿಗೆ ತಮ್ಮ ಕೀಲನ್ನು ಮಾರಕೂಡದೆಂದು ಅವರು ತಯಾರಕರಿಗೆ ಹಲವು ವರ್ಷ ಕಟ್ಟು ಹಾಕಿದ್ದರು. ಒಳ್ಳೆಯ ಸಾಧನವೂ ತರಬೇತಿಯಿಲ್ಲದ ಕೈಯಲ್ಲಿ ಕೇಡು ಮಾಡುತ್ತದೆಂಬುದನ್ನು ಟೆಫ್ಲಾನಿನ ಅನುಭವ ಅವರಿಗೆ ಕಲಿಸಿತ್ತು.

ಮೊಣಕಾಲಿನ ಕೀಲು ಇದಕ್ಕಿಂತ ತಡವಾಗಿ ಹದಕ್ಕೆ ಬಂತು. ರೈಟಿಂಗ್ಟನ್ನಿನಲ್ಲಿಯೇ ಕೆಲಸ ಮಾಡುತ್ತಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್ 1968ರಲ್ಲಿ, ಮೊಣಕಾಲು ಒಂದೇ ಅಚ್ಚಿನ ಸುತ್ತ ತಿರುಗುವುದಿಲ್ಲವೆಂಬ ತಿಳಿವಳಿಕೆಯ ಮೇಲೆ ಹೊಸ ಬಗೆಯ ಕೃತಕ ಕೀಲನ್ನು ರೂಪಿಸಿದರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಚಿತ್ರಂಜನ್ ರಾಣಾವತ್ ಮತ್ತು ಎಂಜಿನಿಯರ್ ಪೀಟರ್ ವಾಕರ್ ಅವರ ತಂಡ ಬಳಕೆಗೆ ತಂದ ವಿನ್ಯಾಸ ಮುಂದಿನ ಬಹುತೇಕ ಮೊಣಕಾಲು ಕೀಲುಗಳಿಗೆ ಮಾದರಿಯಾಯಿತು. ರಾಣಾವತ್ ಅವರು ಇಂದೋರಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು. 2000 ಮತ್ತು 2001ರಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯನ್ನು ಮಾಡಿದವರು ಅವರೇ. ಅಧಿಕಾರದಲ್ಲಿದ್ದ ಪ್ರಧಾನಿಯೇ ಮಂಡಿ ಬದಲಾಯಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ದಿನಗಟ್ಟಲೆ ಬಂದು, ಇಂಥದೊಂದು ಚಿಕಿತ್ಸೆ ಇದೆಯೆಂಬುದನ್ನು ದೇಶದ ಸಾಮಾನ್ಯ ಜನರಿಗೆ ಪರಿಚಯಿಸಿತು.

ಶಸ್ತ್ರವೈದ್ಯರ ವಿವೇಕ ಮೊದಲು ಪರೀಕ್ಷೆಗೆ ಒಳಗಾಗುವುದು ಶಸ್ತ್ರಕ್ರಿಯಾ ಕೊಠಡಿಯಲ್ಲಲ್ಲ, ಹೊರರೋಗಿ ವಿಭಾಗದ ಮೇಜಿನ ಎದುರು. ಎಕ್ಸ್‌ರೇ ಚಿತ್ರದಲ್ಲಿ ಕೀಲು ಪೂರ್ತಿ ಸವೆದಂತೆ ಕಂಡರೂ ಆರಾಮವಾಗಿ ನಡೆದಾಡುವವರಿದ್ದಾರೆ. ಚಿತ್ರದಲ್ಲಿ ಅಷ್ಟೇನೂ ಕಾಣದಿದ್ದರೂ ರಾತ್ರಿಯೆಲ್ಲ ನೋವಿನಿಂದ ನರಳುವವರೂ ಇದ್ದಾರೆ. ಆದ್ದರಿಂದ ಒಳ್ಳೆಯ ವೈದ್ಯರು ಚಿತ್ರಕ್ಕೆ ಚಿಕಿತ್ಸೆ ಕೊಡುವುದಿಲ್ಲ. ರೋಗಿ ಎಷ್ಟು ದೂರ ನಡೆಯಬಲ್ಲರು, ಮೆಟ್ಟಿಲು ಹತ್ತುವಾಗ ಯಾವ ಕಾಲು ಮುಂದಿಡುತ್ತಾರೆ, ನಿದ್ದೆಯಿಂದ ನೋವು ಎಬ್ಬಿಸುತ್ತದೆಯೇ, ಮನೆಯಲ್ಲಿ ಶೌಚಾಲಯ ಯಾವ ಬಗೆಯದು, ದುಡಿಮೆ ಗದ್ದೆಯಲ್ಲಿಯೋ ಕಚೇರಿಯಲ್ಲಿಯೋ ಎಂದು ಕೇಳಿ, ನಿಂತ ಭಂಗಿಯಲ್ಲಿ ತೆಗೆದ ಎಕ್ಸ್‌ರೇಯೊಂದಿಗೆ ಆ ಉತ್ತರಗಳನ್ನು ತಾಳೆ ನೋಡುತ್ತಾರೆ. ಮೊಣಕಾಲಿನ ನೋವೆಂದು ಬಂದವರ ನಿಜವಾದ ತೊಂದರೆ ಸೊಂಟದ ಕೀಲಿನಲ್ಲಿಯೋ ಬೆನ್ನುಮೂಳೆಯಿಂದ ಹೊರಡುವ ನರದಲ್ಲಿಯೋ ಇರುವುದು ಅಪರೂಪವಲ್ಲ. ಅದನ್ನು ಗುರುತಿಸದೆ ಮೊಣಕಾಲನ್ನು ಬದಲಿಸಿದರೆ ಕೀಲು ಹೊಸದಾಗುತ್ತದೆ, ನೋವು ಹಳೆಯದೇ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಗಿಂತ ಮೊದಲು ಪ್ರಯತ್ನಿಸಬೇಕಾದ ದಾರಿಗಳು ಹಲವಿವೆ. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯುವ ಊರುಗೋಲು, ಮೂತ್ರಪಿಂಡಕ್ಕೆ ತೊಂದರೆಯಾಗದಷ್ಟು ಮಿತಿಯಲ್ಲಿ ನೋವಿನ ಮಾತ್ರೆ ಇವುಗಳಿಂದಲೇ ವರ್ಷಗಟ್ಟಲೆ ನಡೆದಾಡುವವರಿದ್ದಾರೆ. ಇನ್ನೂ ಪ್ರಾಯದಲ್ಲಿರುವ, ಕೀಲಿನ ಒಂದೇ ಬದಿ ಸವೆದವರಿಗೆ ಮೂಳೆಯನ್ನು ಕತ್ತರಿಸಿ ಕಾಲಿನ ಓರೆಯನ್ನು ತಿದ್ದುವ ಶಸ್ತ್ರಚಿಕಿತ್ಸೆಯೋ, ಸವೆದ ಬದಿಯನ್ನಷ್ಟೇ ಬದಲಿಸುವ ಭಾಗಶಃ ಬದಲಾವಣೆಯೋ ಸಾಕಾಗಬಹುದು. ವಯಸ್ಸಿನ ಲೆಕ್ಕವೂ ಮುಖ್ಯ: ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಪ್ರಕಾರ, ಎಪ್ಪತ್ತು ದಾಟಿದ ಮೇಲೆ ಕೀಲು ಬದಲಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ನೂರಕ್ಕೆ ಐದರ ಆಸುಪಾಸು, ಐವತ್ತರ ಆರಂಭದಲ್ಲಿ ಬದಲಿಸಿಕೊಂಡ ಗಂಡಸರಲ್ಲಿ ಅದು ಮೂವತ್ತೈದರವರೆಗೂ ಏರುತ್ತದೆ. ಹಾಗೆಂದು ತಡಮಾಡುವುದೆಲ್ಲ ಜಾಣತನವಲ್ಲ. ಮೂಳೆ ಕರಗಿ, ಕೀಲು ಬಿಗಿದು, ಸ್ನಾಯು ಸೊರಗಿ, ವರ್ಷಗಟ್ಟಲೆ ಹಾಸಿಗೆ ಹಿಡಿದ ಮೇಲೆ ಬಂದವರಿಗೆ ಹೊಸ ಕೀಲು ಸಿಕ್ಕರೂ ಹಳೆಯ ನಡಿಗೆ ಪೂರ್ತಿ ಸಿಗುವುದಿಲ್ಲ. ಈ ಎರಡು ತಪ್ಪುಗಳ ನಡುವಿನ ಕಾಲವನ್ನು ಸರಿಯಾಗಿ ಗುರುತಿಸುವುದೇ ಶಸ್ತ್ರವೈದ್ಯರ ಅತಿ ದೊಡ್ಡ ಕೌಶಲ, ಮತ್ತು ಬೇಡವೆಂದು ಹೇಳಿ ಕಳಿಸುವ ವೈದ್ಯರು ಬೇಕೆಂದು ಹೇಳುವವರಷ್ಟೇ ಗೌರವಕ್ಕೆ ಅರ್ಹರು.

ಬಹುಜನ ತಿಳಿದಿರುವಂತೆ ಮೊಣಕಾಲಿನ ಕೀಲನ್ನು ಪೂರ್ತಿಯಾಗಿ ಕಿತ್ತು ತೆಗೆಯುವುದಿಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಾಲಿನ ಕೆಳಮೂಳೆಯ ಮೇಲ್ತುದಿಗಳಿಂದ ಸುಮಾರು ಎಂಟರಿಂದ ಹತ್ತು ಮಿಲಿಮೀಟರಿನಷ್ಟು ದಪ್ಪದ ಪದರವನ್ನು ಮಾತ್ರ ಕತ್ತರಿಸಿ, ಮೇಲಿನ ಮೂಳೆಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಕವಚವನ್ನೂ ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ಹೊದಿಸಿ, ಎರಡರ ನಡುವೆ ಪಾಲಿಎಥಿಲೀನಿನ ಹಾಸನ್ನು ಕೂರಿಸುತ್ತಾರೆ. ಮಂಡಿಚಿಪ್ಪು ಅಲ್ಲಿಯೇ ಉಳಿಯುತ್ತದೆ. ಅಗತ್ಯ ಕಂಡರೆ ಅದರ ಹಿಂಬದಿಗೊಂದು ತೆಳು ಹೊದಿಕೆ ಕೊಡುತ್ತಾರೆ. ಮೂಳೆ ಕತ್ತರಿಸುವುದಕ್ಕೆ ಅಳತೆಯ ಅಚ್ಚುಗಳಿವೆ, ಈಚಿನ ವರ್ಷಗಳಲ್ಲಿ ಕಂಪ್ಯೂಟರಿನ ಮಾರ್ಗದರ್ಶನವೂ ರೋಬೋಟ್ ತೋಳುಗಳೂ ಬಂದಿವೆ. ಆದರೆ ಅತಿ ಸೂಕ್ಷ್ಮವಾದ ಕೆಲಸ ಮೂಳೆಯದ್ದಲ್ಲ, ಕೀಲಿನ ಎರಡೂ ಪಕ್ಕದಲ್ಲಿ ಹಗ್ಗದಂತೆ ಬಿಗಿದಿರುವ ಅಸ್ಥಿರಜ್ಜುಗಳದ್ದು. ವರ್ಷಗಟ್ಟಲೆ ಒಳಕ್ಕೆ ಬಾಗಿದ ಕಾಲಿನಲ್ಲಿ ಒಳಬದಿಯ ರಜ್ಜು ಕುಗ್ಗಿ ಬಿಗಿಯಾಗಿರುತ್ತದೆ, ಹೊರಬದಿಯದು ಹಿಗ್ಗಿ ಸಡಿಲವಾಗಿರುತ್ತದೆ. ಕಾಲು ನೀಡಿದಾಗಲೂ ಮಡಚಿದಾಗಲೂ ಎರಡೂ ಬದಿಯ ಬಿಗಿತ ಒಂದೇ ಹದದಲ್ಲಿರುವಂತೆ, ಎಲ್ಲಿ ಎಷ್ಟು ಬಿಡಿಸಬೇಕೋ ಅಷ್ಟನ್ನೇ ಬಿಡಿಸಿ ಸಮತೋಲನಕ್ಕೆ ತರಬೇಕು. ಸೊಂಟದ ಕೀಲಿನ ನಡುವಿಂದ ಮೊಣಕಾಲಿನ ನಡುವನ್ನು ಹಾಯ್ದು ಹರಡಿನ ಕೀಲಿನ ನಡುವಿಗೆ ಎಳೆದ ಗೆರೆ ನೇರವಾಗಿ ಬಂದರೆ ಭಾರ ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಈ ಹದ ತಪ್ಪಿದರೆ ದುಬಾರಿ ಕೀಲೂ ಒಂದು ಬದಿಯಲ್ಲಿ ಬೇಗ ಸವೆಯುತ್ತದೆ, ಇಲ್ಲವೇ ಮೆಟ್ಟಿಲಿಳಿಯುವಾಗ ಕಾಲು ಓಲಾಡುತ್ತದೆ.

ಸೊಂಟದ ಕೀಲಿನಲ್ಲಿ ಸವಾಲಿನ ರೂಪ ಬೇರೆ. ಬಟ್ಟಲನ್ನು ಕೂರಿಸುವ ಕೋನ ಕೆಲವೇ ಡಿಗ್ರಿ ತಪ್ಪಿದರೆ, ನೆಲದಿಂದ ವಸ್ತುವೊಂದನ್ನು ಎತ್ತಿಕೊಳ್ಳಲು ಬಾಗಿದಾಗ ಗುಂಡು ಕುಳಿಯಿಂದ ಜಾರಿ ಹೊರಬೀಳಬಹುದು. ಎರಡು ಕಾಲುಗಳ ಉದ್ದ ಸಮನಾಗದಿದ್ದರೆ ನೋವು ಹೋದರೂ ಕುಂಟು ಉಳಿಯುತ್ತದೆ. ಇವನ್ನೆಲ್ಲ ಅಳೆದು ಹೊಂದಿಸಿ, ಹತ್ತು ನಿಮಿಷಗಳ ಸುಮಾರಿನಲ್ಲಿ ಗಟ್ಟಿಯಾಗುವ ಸಿಮೆಂಟು ಬಿಗಿಯುವ ಮುನ್ನ ಎಲ್ಲವನ್ನೂ ಜಾಗಕ್ಕೆ ಕೂರಿಸಿ ಮುಗಿಸಬೇಕು. ರೋಬೋಟಿನ ಹೆಸರಿನಲ್ಲಿ ನಡೆಯುವ ಜಾಹೀರಾತುಗಳ ನಡುವೆ ಓದುಗರು ಅರಿಯಬೇಕಾದದ್ದು ಇಷ್ಟೆ: ಯಂತ್ರ ಮೂಳೆಯನ್ನು ನಿಖರವಾಗಿ ಕತ್ತರಿಸಲು ನೆರವಾಗುತ್ತದೆ, ಆದರೆ ಎಲ್ಲಿ ಕತ್ತರಿಸಬೇಕೆಂಬ ಯೋಜನೆ ಶಸ್ತ್ರವೈದ್ಯರದೇ.

ಈ ಚಿಕಿತ್ಸೆಯ ನಿಜವಾದ ಶತ್ರು ಸೋಂಕು. ದೇಹದೊಳಗಿನ ಲೋಹ ಮತ್ತು ಪ್ಲಾಸ್ಟಿಕ್ಕಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಅದರ ಮೇಲೆ ಪದರಗಟ್ಟಿ ಕುಳಿತ ಬ್ಯಾಕ್ಟೀರಿಯಾಗಳನ್ನು ಔಷಧವೂ ದೇಹದ ರಕ್ಷಣಾ ಕೋಶಗಳೂ ಸುಲಭವಾಗಿ ಮುಟ್ಟಲಾರವು. ಚಾರ್ನ್ಲಿ ಈ ಅಪಾಯವನ್ನು ಬೇಗನೆ ಮನಗಂಡು, ಶೋಧಿಸಿದ ಗಾಳಿ ನಿರಂತರವಾಗಿ ಹರಿಯುವ ಪ್ರತ್ಯೇಕ ಆವರಣವನ್ನು ಶಸ್ತ್ರಕ್ರಿಯಾ ಕೊಠಡಿಯೊಳಗೆ ಕಟ್ಟಿಸಿ, ವೈದ್ಯರ ಉಸಿರು ಗಾಯದ ಮೇಲೆ ಬೀಳದಂಥ ಉಡುಪನ್ನೂ ರೂಪಿಸಿ, ನೂರಕ್ಕೆ ಏಳರ ಸುಮಾರಿನಲ್ಲಿದ್ದ ಸೋಂಕನ್ನು ಒಂದಕ್ಕಿಂತ ಕೆಳಗಿಳಿಸಿದರು. ಇಂದು ಶಸ್ತ್ರಚಿಕಿತ್ಸೆಗೆ ಮೊದಲು ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು, ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಬಿರುಕು ಹುಣ್ಣುಗಳನ್ನು ವಾಸಿಮಾಡಿಸುವುದು, ಬೀಡಿ ಸಿಗರೇಟು ಬಿಡಿಸುವುದು ಇದೇ ಕಾರಣಕ್ಕೆ. ಬರಿಗಾಲಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರ ಪಾದದ ಒಡಕನ್ನು ನೋಡಿ ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡುವ ವೈದ್ಯರನ್ನು ರೋಗಿಯ ಮನೆಯವರು ದೂರಬಾರದು. ಸೋಂಕು ಆಳಕ್ಕಿಳಿದರೆ ಕೀಲನ್ನು ತೆಗೆದು, ಔಷಧ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನಿಟ್ಟು, ತಿಂಗಳುಗಳ ಬಳಿಕ ಹೊಸ ಕೀಲನ್ನು ಕೂರಿಸಬೇಕಾಗುತ್ತದೆ. ಆ ದಾರಿ ಉದ್ದವಾದದ್ದು, ಖರ್ಚಿನದು, ಬಹಳ ದಣಿಸುವಂಥದು.

ಹಿಂದೆ ಕೀಲು ಬದಲಾವಣೆಯಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಈಗ ಬಹುತೇಕ ಕಡೆ ಶಸ್ತ್ರಚಿಕಿತ್ಸೆಯ ದಿನವೇ ಇಲ್ಲವೇ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ಏಕೆಂದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವುದಕ್ಕೂ ಸ್ನಾಯುಗಳನ್ನು ಎಚ್ಚರಿಸುವುದಕ್ಕೂ ನಡಿಗೆಯೇ ಮದ್ದು. ಇಲ್ಲಿಂದ ಮುಂದಿನ ಕೆಲಸದಲ್ಲಿ ಫಿಸಿಯೋಥೆರಪಿಸ್ಟರದು ದೊಡ್ಡ ಪಾಲು, ಅದಕ್ಕಿಂತ ದೊಡ್ಡ ಪಾಲು ರೋಗಿಯದು. ಮೊಣಕಾಲು ಪೂರ್ತಿ ನೆಟ್ಟಗಾಗಬೇಕು, ಮೊದಲ ಎರಡು ವಾರಗಳಲ್ಲಿ ತೊಂಬತ್ತು ಡಿಗ್ರಿಯಷ್ಟಾದರೂ ಮಡಚಬೇಕು, ತೊಡೆಯ ಸ್ನಾಯು ಕಾಲನ್ನು ತಾನೇ ಎತ್ತಿ ಹಿಡಿಯುವಷ್ಟು ಗಟ್ಟಿಯಾಗಬೇಕು. ನೋವಿಗೆ ಹೆದರಿ ದಿಂಬಿನ ಮೇಲೆ ಮಂಡಿ ಮಡಚಿಟ್ಟು ಮಲಗಿದವರ ಕೀಲು ಅದೇ ಭಂಗಿಯಲ್ಲಿ ಬಿಗಿದುಕೊಳ್ಳುತ್ತದೆ. ಪ್ರೀತಿಯಿಂದ ಕಾಲ ಕೆಳಗೆ ದಿಂಬು ಕೊಡುವ ಮನೆಯವರು ತಿಳಿಯದೆಯೇ ಈ ಕೆಡುಕಿಗೆ ನೆರವಾಗುತ್ತಾರೆ.

ನೆಲದ ಮೇಲೆ ಕೂರುವ ಬದುಕಿನ ಪ್ರಶ್ನೆಯನ್ನು ಇಲ್ಲಿ ಎತ್ತಲೇಬೇಕು. ಮೆಟ್ಟಿಲು ಹತ್ತಲು ತೊಂಬತ್ತು ಡಿಗ್ರಿಯಷ್ಟು ಮಡಚಿದರೆ ಸಾಕು, ಕುರ್ಚಿಯಿಂದ ಏಳುವುದಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಉಣ್ಣುವುದು, ನೆಲಕ್ಕೆ ಹಣೆ ಮುಟ್ಟಿಸಿ ಪ್ರಾರ್ಥಿಸುವುದು ಇವೆಲ್ಲ ಅದಕ್ಕೂ ಬಹಳ ಮೀರಿದ ಬಾಗುವಿಕೆಯನ್ನು ಬೇಡುತ್ತವೆ. ಪಶ್ಚಿಮದ ದೇಶಗಳಲ್ಲಿ ರೂಪುಗೊಂಡ ಮೊದಲ ಕೀಲುಗಳು ಕುರ್ಚಿಯ ಬದುಕಿಗಾಗಿ ಮಾಡಿದಂಥವು. ಹೆಚ್ಚು ಮಡಚುವ ವಿನ್ಯಾಸಗಳು ಬಂದ ಮೇಲೂ ಎಲ್ಲರಿಗೂ ನೆಲದಲ್ಲಿ ಕೂರಲು ಸಾಧ್ಯವಾಗುತ್ತದೆಂಬ ಭರವಸೆ ಕೊಡಲಾಗದು. ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಬಿಡಿಸಿ ಹೇಳಿ, ಮನೆಯಲ್ಲಿ ಎತ್ತರದ ಕಮೋಡು, ಬಚ್ಚಲಿನಲ್ಲಿ ಹಿಡಿಕೆ, ಪೂಜೆಗೂ ಊಟಕ್ಕೂ ಕುರ್ಚಿ ಬೇಕಾಗುವುದನ್ನು ಮನದಟ್ಟು ಮಾಡಿಸುವುದು ವೈದ್ಯರ ಕರ್ತವ್ಯದ ಭಾಗ. ಮೊಣಕಾಲು ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನವಾಗುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ, ಮತ್ತು ಅದಕ್ಕೆ ಕೀಲಿನ ದೋಷಕ್ಕಿಂತ ಈಡೇರದ ನಿರೀಕ್ಷೆಯೇ ಅನೇಕ ಬಾರಿ ಕಾರಣ.

ಕೀಲಿನ ಬಾಳಿಕೆಯ ಮಾತು ಮಾತ್ರ ಬೇರೆ. 2019ರಲ್ಲಿ ಪ್ರಕಟವಾದ, ಹಲವು ದೇಶಗಳ ದಾಖಲೆಗಳನ್ನು ಆಧರಿಸಿದ ವಿಶ್ಲೇಷಣೆಯ ಪ್ರಕಾರ, ಪೂರ್ಣವಾಗಿ ಬದಲಿಸಿದ ಮೊಣಕಾಲಿನ ಕೀಲುಗಳಲ್ಲಿ ನೂರಕ್ಕೆ ಎಂಬತ್ತೆರಡು, ಸೊಂಟದ ಕೀಲುಗಳಲ್ಲಿ ಐವತ್ತೆಂಟು, 25 ವರ್ಷಗಳ ಬಳಿಕವೂ ಕೆಲಸ ಮಾಡುತ್ತಿದ್ದವು. ಮನುಷ್ಯ ತಯಾರಿಸಿ ದೇಹದೊಳಗಿಟ್ಟ ವಸ್ತುವೊಂದು, ಲಕ್ಷಾಂತರ ಹೆಜ್ಜೆಗಳ ಭಾರ ಹೊತ್ತು ಕಾಲು ಶತಮಾನ ಬಾಳುವುದು ವೈದ್ಯವಿಜ್ಞಾನದ ಸಾಧನೆಗಳಲ್ಲಿ ಅತಿ ಎತ್ತರದ್ದೆಂದು ಯಾರಾದರೂ ಒಪ್ಪಬೇಕು.

ಇಷ್ಟು ದೊಡ್ಡ ಸಾಧನೆ ಬಡವರ ಕೈಗೆ ಎಟುಕುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿ, ಅಲ್ಲಿಯವರೆಗೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮಾರಾಟವಾಗುತ್ತಿದ್ದ ಸಾಮಾನ್ಯ ಬಗೆಯ ಕೀಲಿಗೆ, ತೆರಿಗೆ ಹೊರತುಪಡಿಸಿ, 54,720 ರೂಪಾಯಿಯ ಮಿತಿ ಹಾಕಿತು. ಆಸ್ಪತ್ರೆಯ ಕೊಠಡಿ ಬಾಡಿಗೆ, ವೈದ್ಯರ ಶುಲ್ಕ, ಇತರ ಸಾಮಗ್ರಿಗಳಿಗೆ ಅಂಥ ಮಿತಿ ಇಲ್ಲವಾದ್ದರಿಂದ ಒಟ್ಟು ಬಿಲ್ಲು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲವೆಂಬ ದೂರು ನ್ಯಾಯವಾದದ್ದೇ. ಕರ್ನಾಟಕದಲ್ಲಿ 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆ, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡು, ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ದಾರಿ ಮಾಡಿತು. ಬೆಂಗಳೂರಿನ ಸಂಜಯ ಗಾಂಧಿ ಆಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳಲ್ಲಿ ಕೀಲು ಬದಲಾವಣೆ ನಡೆಯುತ್ತದೆ. ಆದರೂ ಪರಿಣತ ಶಸ್ತ್ರವೈದ್ಯರು ದೊಡ್ಡ ನಗರಗಳಲ್ಲಿಯೇ ನೆಲೆಸಿರುವುದರಿಂದ, ಜಿಲ್ಲೆಯ ಮೂಲೆಯಿಂದ ಬರುವ ರೋಗಿಗೆ ಶಸ್ತ್ರಚಿಕಿತ್ಸೆಗಿಂತ ಆನಂತರದ ತಿರುಗಾಟ ಮತ್ತು ವ್ಯಾಯಾಮದ ನಿಗಾ ಹೆಚ್ಚು ಕಷ್ಟವಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟರಿಲ್ಲದೆ ರಾಜಧಾನಿಯಲ್ಲಿ ಕೀಲುಗಳನ್ನು ಬದಲಿಸುತ್ತ ಹೋದರೆ ಕೆಲಸ ಅರ್ಧಕ್ಕೇ ನಿಂತಂತೆ.

ಇನ್ನೊಂದು ಕೊರತೆ ದಾಖಲೆಯದು. ಸ್ವೀಡನ್ 1975ರಿಂದಲೇ ಮೊಣಕಾಲಿನ, 1979ರಿಂದ ಸೊಂಟದ ಕೀಲು ಬದಲಾವಣೆಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುತ್ತ, ಯಾವ ಕೀಲು ಎಷ್ಟು ಕಾಲ ಬಾಳಿತೆಂದು ಲೆಕ್ಕ ಇಟ್ಟಿದೆ. ಲೋಹಕ್ಕೆ ಲೋಹ ಉಜ್ಜುವ ಬಗೆಯ ಒಂದು ಸೊಂಟದ ಕೀಲು ಬೇಗ ಕೆಡುತ್ತಿದೆಯೆಂಬುದನ್ನು ಬಯಲಿಗೆ ತಂದದ್ದು ಆಸ್ಟ್ರೇಲಿಯದ ಇಂಥದೇ ನೋಂದಣಿ. 2010ರಲ್ಲಿ ಅದನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವಷ್ಟರಲ್ಲಿ ಸುಮಾರು 93 ಸಾವಿರ ಮಂದಿಗೆ ಅಳವಡಿಸಿಯಾಗಿತ್ತು. ಭಾರತದಲ್ಲಿ ಅದನ್ನು ಹಾಕಿಸಿಕೊಂಡ ಸಾವಿರಾರು ಜನರಲ್ಲಿ ಬಹುಮಂದಿಯನ್ನು ಪತ್ತೆಹಚ್ಚುವುದೇ ಸಾಧ್ಯವಾಗಲಿಲ್ಲ, ಏಕೆಂದರೆ ಯಾರ ದೇಹದಲ್ಲಿ ಯಾವ ಕೀಲಿದೆಯೆಂಬ ಸಮಗ್ರ ದಾಖಲೆ ಎಲ್ಲಿಯೂ ಇರಲಿಲ್ಲ. ಈ ವಿಭಾಗದ ಶಸ್ತ್ರವೈದ್ಯರ ಸಂಘ ಸ್ವಯಂಪ್ರೇರಣೆಯಿಂದ ನೋಂದಣಿ ನಡೆಸುತ್ತಿದೆಯಾದರೂ ಸ್ವಂತ ಇಚ್ಛೆಗೆ ಬಿಟ್ಟ ನೋಂದಣಿಯಲ್ಲಿ ಕೆಟ್ಟ ಫಲಿತಾಂಶಗಳೇ ಮೊದಲು ಮರೆಯಾಗುವ ಅಪಾಯವಿದೆ. ಪ್ರತಿ ಆಸ್ಪತ್ರೆಯೂ ಪ್ರತಿ ಕೀಲನ್ನೂ ನೋಂದಾಯಿಸಲೇಬೇಕೆಂಬ ಕಾನೂನು ಭಾರತಕ್ಕೆ ತುರ್ತಾಗಿ ಬೇಕು.

ಅಂಥ ಕಾನೂನು ಬರುವವರೆಗೆ ರೋಗಿಗಳೂ ಅವರ ಮನೆಯವರೂ ತಮ್ಮ ಮಟ್ಟಿಗೆ ಮಾಡಿಕೊಳ್ಳಬಹುದಾದ ಕೆಲಸವೊಂದಿದೆ. ಕೃತಕ ಕೀಲಿನ ಪ್ರತಿಯೊಂದು ಭಾಗದ ಪೊಟ್ಟಣದಲ್ಲಿಯೂ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಮುದ್ರಿಸಿದ ಸ್ಟಿಕ್ಕರ್ ಇರುತ್ತದೆ, ಅದನ್ನು ಆಸ್ಪತ್ರೆಯವರು ರೋಗಿಯ ಕಡತದಲ್ಲಿ ಅಂಟಿಸುತ್ತಾರೆ. ಮನೆಗೆ ಹೊರಡುವ ದಿನ ಅದರ ಪ್ರತಿಯನ್ನು ಕೇಳಿ ಪಡೆದು, ಎಕ್ಸ್‌ರೇ ಚಿತ್ರಗಳ ಜೊತೆಗೆ ಜೋಪಾನವಾಗಿಡಿ. ನೋವಿರಲಿ ಇಲ್ಲದಿರಲಿ, ವೈದ್ಯರು ಹೇಳಿದ ಅವಧಿಗೊಮ್ಮೆ ಹೋಗಿ ಕೀಲನ್ನು ತೋರಿಸಿಕೊಂಡು ಬನ್ನಿ.